ಅಕ್ವೇರಿಯಂ ನೀರು ಬದಲಿಸಲು ಸುರಕ್ಷಿತ ಪೈಪ್: ಆಯ್ಕೆಯಿಂದ ಜೋಡಣೆಯವರೆಗೆ

ಅಕ್ವೇರಿಯಂ ಇಟ್ಟವರು ಫಿಲ್ಟರ್ ಕೊಳ್ಳಲು ನಾಲ್ಕು ಅಂಗಡಿ ಸುತ್ತುತ್ತಾರೆ. ಮೀನಿನ ಆಹಾರದ ಡಬ್ಬಿಯ ಹಿಂದಿರುವ ಸಣ್ಣ ಅಕ್ಷರಗಳನ್ನೂ ಓದುತ್ತಾರೆ. ನೀರು ಬದಲಿಸುವ ದಿನ ಬಂದಾಗ ಮಾತ್ರ, ಗಿಡಗಳಿಗೆ ನೀರು ಹಾಯಿಸಿ ಮೂಲೆಯಲ್ಲಿ ಸುತ್ತಿಟ್ಟ ಹಸಿರು ಪೈಪನ್ನೇ ನಲ್ಲಿಗೆ ಸಿಕ್ಕಿಸುತ್ತಾರೆ. ತೊಟ್ಟಿಗೆ ಸೇರುವ ಹೊಸ ನೀರಿನ ಪ್ರತಿಯೊಂದು ಹನಿಯೂ ಆ ಪೈಪಿನ ಒಳಮೈಯನ್ನು ಸವರಿಕೊಂಡೇ ಬರುತ್ತದೆ. ಹಾಗಾಗಿ ಪೈಪಿಗೂ ಫಿಲ್ಟರಿಗೆ ಕೊಡುವಷ್ಟೇ ಗಮನ ಕೊಡಬೇಕು ಎಂಬುದು ನನ್ನ ಒತ್ತಾಯ.

ಮನೆಯಲ್ಲಿ ಎರಡರಿಂದ ನಾಲ್ಕು ಅಡಿಯ ಸಿಹಿನೀರಿನ ತೊಟ್ಟಿ ಇಟ್ಟುಕೊಂಡವರಿಗಾಗಿ ಈ ಬರಹ. ಲೆಕ್ಕಕ್ಕೆ ಒಂದು ತೊಟ್ಟಿ ಬೇಕಲ್ಲ, 90 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಮೂರಡಿಯ ತೊಟ್ಟಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ 108 ಲೀಟರ್ ನೀರು ಹಿಡಿಯುತ್ತದೆ. ವಾರಕ್ಕೊಮ್ಮೆ 30 ಲೀಟರ್ ಬದಲಿಸುತ್ತೇವೆ ಎಂದು ಇಟ್ಟುಕೊಳ್ಳೋಣ.

ನೀರು ಎಷ್ಟು ಹೊತ್ತು ನಿಂತಿತ್ತು?

ಯಾವ ಪೈಪನ್ನು ಕಂಡರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು. ಪ್ಲಾಸ್ಟಿಕ್ಕಿನಲ್ಲಿರುವ ರಾಸಾಯನಿಕವಾಗಲಿ, ಹಿತ್ತಾಳೆಯಲ್ಲಿರುವ ತಾಮ್ರವಾಗಲಿ ನೀರಿಗೆ ಇಳಿಯಲು ಸಮಯ ಬೇಕು. ಒಳವ್ಯಾಸ 12 ಮಿ.ಮೀ. ಇರುವ ಪೈಪು ಒಂದು ಮೀಟರಿಗೆ ಸುಮಾರು 113 ಮಿ.ಲೀ. ನೀರು ಹಿಡಿಯುತ್ತದೆ. ಹದಿನೈದು ಮೀಟರ್ ಪೈಪಿನಲ್ಲಿ ಇರುವುದು 1.7 ಲೀಟರ್. ನಲ್ಲಿಯಿಂದ ನಿಮಿಷಕ್ಕೆ 10 ಲೀಟರ್ ಬರುತ್ತಿದ್ದರೆ ನೀರು ಆ ಇಡೀ ಪೈಪನ್ನು ಹತ್ತು ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಅಷ್ಟು ಅಲ್ಪ ಹೊತ್ತಿನಲ್ಲಿ ಸಾಧಾರಣ ಪೈಪು ಕೂಡ ದೊಡ್ಡ ಹಾನಿ ಮಾಡಲಾರದು.

ಆದರೆ ಕಳೆದ ಭಾನುವಾರದಿಂದ ಪೈಪಿನೊಳಗೇ ಉಳಿದ ನೀರು ಬೇರೆ. ಏಳು ದಿನ ಪ್ಲಾಸ್ಟಿಕ್ಕಿನೊಂದಿಗೆ ಕೂತ, ತಾರಸಿಯ ಬಿಸಿಲಿನಲ್ಲಿ ಹಲವು ಬಾರಿ ಕಾದು ತಣಿದ ನೀರು ಅದು. ಬಿಸಿಯಾದಷ್ಟೂ ಪ್ಲಾಸ್ಟಿಕ್ಕಿನಿಂದ ನೀರಿಗೆ ಇಳಿಯುವುದು ಹೆಚ್ಚುತ್ತದೆ, ಒಳಗೋಡೆಗೆ ಅಂಟಿದ ಲೋಳೆಯಲ್ಲಿ ಬ್ಯಾಕ್ಟೀರಿಯಾ ಕೂಡ ಬೆಳೆಯುತ್ತವೆ. ನಲ್ಲಿ ತಿರುಗಿಸಿದ ಕೂಡಲೇ ಮೊದಲು ತೊಟ್ಟಿಗೆ ಬೀಳುವುದು ಈ 1.7 ಲೀಟರೇ. ನಾವು ಹಾಕುವ 30 ಲೀಟರಿನಲ್ಲಿ ಅದು ಶೇಕಡ ಐದಕ್ಕಿಂತ ಹೆಚ್ಚು.

ಇಷ್ಟು ಹೊಳೆದರೆ ದುಡ್ಡನ್ನು ಎಲ್ಲಿ ಹಾಕಬೇಕೆಂಬುದೂ ಹೊಳೆಯುತ್ತದೆ. ಕೊಳೆ ನೀರು ಹೊರಹಾಕುವ ಪೈಪು ಯಾವುದಾದರೂ ಆದೀತು. ಹೊಸ ನೀರು ತರುವ ಪೈಪನ್ನು ನೋಡಿ ಆರಿಸಬೇಕು. ಗೋಡೆಗೆ ಕೂರಿಸಿದ ಪೈಪಿನಲ್ಲಿ ನೀರು ಹಗಲೂ ರಾತ್ರಿ ನಿಂತೇ ಇರುವುದರಿಂದ ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಮಗ್ರಿ ಬೇಕು.

ಮೊದಲ ಹೆಜ್ಜೆ: ಎರಡು ಪೈಪ್, ಎರಡು ಕೆಲಸ

ಕೊಳೆ ನೀರಿಗೆ ಒಂದು, ಹೊಸ ನೀರಿಗೆ ಒಂದು. ಇದರಲ್ಲಿ ರಾಜಿ ಬೇಡ. ಎರಡರ ತುದಿಗೂ ಬೇರೆ ಬೇರೆ ಬಣ್ಣದ ಟೇಪು ಸುತ್ತಿದರೆ ಮನೆಯಲ್ಲಿ ಯಾರೇ ಕೈಹಾಕಿದರೂ ಅದಲುಬದಲಾಗುವುದಿಲ್ಲ. ಕಾರು ತೊಳೆದ, ಸೋಪಿನ ನೀರು ಹಾಯಿಸಿದ, ಗಿಡಗಳಿಗೆ ಕೀಟನಾಶಕ ಸಿಂಪಡಿಸಿದ ಪೈಪನ್ನು ಎಷ್ಟು ತೊಳೆದರೂ ಅಕ್ವೇರಿಯಂಗೆ ಬಳಸಬೇಡಿ. ಮೆದು ಪ್ಲಾಸ್ಟಿಕ್ ಕೀಟನಾಶಕವನ್ನು ಒಳಗೆ ಹೀರಿಕೊಂಡು, ಆಮೇಲೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಸಿಗಡಿಗಳಂತಹ ಜೀವಿಗಳು ಅತಿ ಅಲ್ಪ ಪ್ರಮಾಣದ ಕೀಟನಾಶಕಕ್ಕೂ ಸಾಯುತ್ತವೆ.

ಕೊಳೆ ನೀರಿಗೆ ಪಾರದರ್ಶಕ ಪೈಪು ಅನುಕೂಲ. ಗಾರೆಯವರು ಮಟ್ಟ ನೋಡಲು ಬಳಸುವ ಲೆವೆಲ್ ಪೈಪೇ ಸಾಕು. ಒಳಗೆ ಹೋಗುತ್ತಿರುವ ಕಸ, ಕಲ್ಲು, ಅಪ್ಪಿತಪ್ಪಿ ಸಿಕ್ಕಿದ ಮರಿಮೀನು ಎಲ್ಲವೂ ಕಣ್ಣಿಗೆ ಕಾಣುತ್ತವೆ. ಮೂರು ಮೀಟರ್ ಉದ್ದ, ತೊಟ್ಟಿಯ ನೀರಿನ ಮಟ್ಟದಿಂದ ಬಕೆಟ್ಟಿಗೆ ಸುಮಾರು 80 ಸೆಂ.ಮೀ. ಇಳಿಜಾರು ಇದ್ದರೆ 12 ಮಿ.ಮೀ. ಪೈಪಿನಲ್ಲಿ ಸೈಫನ್ ಆಗಿ, ಅಂದರೆ ಪಂಪಿಲ್ಲದೆ ತಾನಾಗಿಯೇ ಎಳೆದುಕೊಂಡು, ನಿಮಿಷಕ್ಕೆ 9 ಲೀಟರಿನಷ್ಟು ಇಳಿಯುತ್ತದೆ. 20 ಮಿ.ಮೀ. ಪೈಪಾದರೆ 30 ಲೀಟರಿನ ಹತ್ತಿರ ಹೋಗುತ್ತದೆ. ಎರಡು, ಮೂರು ಅಡಿಯ ತೊಟ್ಟಿಗೆ 12 ಮಿ.ಮೀ. ಸಾಕು. ದಪ್ಪ ಪೈಪು ಒಂದೇ ನಿಮಿಷದಲ್ಲಿ ಬಕೆಟ್ ತುಂಬಿ ಚೆಲ್ಲಿಸುತ್ತದೆ, ಗಪ್ಪಿ ಮರಿಗಳನ್ನು ಎಳೆದುಕೊಂಡೂ ಬಿಡುತ್ತದೆ. ಒಳತುದಿಗೆ ಸ್ಪಂಜಿನ ತುಂಡೋ ಜಾಲರಿಯೋ ಇರಲಿ.

ಬಾಯಿಂದ ಎಳೆದು ಸೈಫನ್ ಹಚ್ಚುವ ರೂಢಿಯನ್ನು ಬಿಡಿ. ಮೀನಿನ ಮಲ ಕೊಳೆಯುತ್ತಿರುವ ನೀರು ಅದು. ಇಡೀ ಪೈಪನ್ನು ತೊಟ್ಟಿಯೊಳಗೆ ಮುಳುಗಿಸಿ ಗಾಳಿ ಹೋಗಲು ಬಿಟ್ಟು, ಹೆಬ್ಬೆರಳಿನಿಂದ ಒಂದು ತುದಿ ಮುಚ್ಚಿ ಕೆಳಕ್ಕಿಳಿಸಿದರೆ ಆಯಿತು. ಹಿಚುಕುವ ರಬ್ಬರ್ ಉಂಡೆಯಿರುವ ಸೈಫನ್ನುಗಳೂ ಸಿಗುತ್ತವೆ.

ಇಳಿಸಿದ ನೀರನ್ನು ಬಚ್ಚಲಿಗೆ ಚೆಲ್ಲುವುದು ನಷ್ಟ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸುವುದಾಗಿ ಹೇಳಿತ್ತು. ಅಂತಹ ದಿನಗಳಲ್ಲಿ ಕುಂಡದ ಗಿಡಗಳಿಗೆ ತೊಟ್ಟಿಯ ನೀರಿಗಿಂತ ಒಳ್ಳೆಯದು ಬೇರೆ ಇಲ್ಲ, ಅದರಲ್ಲಿರುವ ಸಾರಜನಕ ಗಿಡಕ್ಕೆ ಗೊಬ್ಬರ. ಉಪ್ಪನ್ನೋ ಔಷಧಿಯನ್ನೋ ಹಾಕಿದ ನೀರಾದರೆ ಮಾತ್ರ ಗಿಡಗಳಿಗೆ ಬೇಡ. ನಲ್ಲಿಯ ರಭಸದಿಂದಲೇ ಕೊಳೆ ನೀರನ್ನು ಎಳೆಯುವ ಉಪಕರಣಗಳು ಮಾರುಕಟ್ಟೆಯಲ್ಲಿವೆ. ತೊಟ್ಟಿ ಖಾಲಿಯಾಗುವಷ್ಟೂ ಹೊತ್ತು ಒಳ್ಳೆಯ ನೀರನ್ನು ಚರಂಡಿಗೆ ಹರಿಸುವ ಆ ಉಪಕರಣ ನಮ್ಮ ಊರುಗಳಿಗೆ ತಕ್ಕದ್ದಲ್ಲ.

ಎರಡನೆಯ ಹೆಜ್ಜೆ: ಹೊಸ ನೀರಿನ ಪೈಪನ್ನು ಆರಿಸುವುದು

ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಅಂಗಡಿಯಿರಲಿ, ತಾಲ್ಲೂಕು ಕೇಂದ್ರದ ಕೃಷಿ ಸಾಮಗ್ರಿ ಮಳಿಗೆಯಿರಲಿ, ಮೊದಲು ಕೈಗೆ ಬರುವುದು ಹಸಿರು ಅಥವಾ ನೀಲಿ ಬಣ್ಣದ ಗಾರ್ಡನ್ ಪೈಪ್. ಇದು ಮೆದು ಪಿವಿಸಿ. ಪಿವಿಸಿ ತನ್ನಷ್ಟಕ್ಕೆ ಗಡುಸು ವಸ್ತು. ಬಾಗಲೆಂದು ಅದಕ್ಕೆ ಥ್ಯಾಲೇಟ್‌ನಂತಹ ಮೆದುಕಾರಕಗಳನ್ನು ಬೆರೆಸುತ್ತಾರೆ, ಪೈಪಿನ ತೂಕದಲ್ಲಿ ಮೂರನೆಯ ಒಂದು ಭಾಗದಷ್ಟು ಅದೇ ಇರಬಹುದು. ಅದು ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಬೆಸೆದುಕೊಳ್ಳದೆ ಕಾಲಕ್ರಮೇಣ ಹೊರಗೆ ಬರುತ್ತದೆ. ಹಳೆಯ ಪೈಪು ಒರಟಾಗಿ ಬಿರುಕು ಬಿಡುವುದು ಈ ಕಾರಣದಿಂದಲೇ. ಬಿಸಿಲಿಗೂ ಬಿಸಿಗೂ ತಡೆಯಲೆಂದು ಸೇರಿಸುವ ಸ್ಥಿರಕಾರಕಗಳಲ್ಲಿ ಸೀಸದ ಸಂಯುಕ್ತಗಳೂ ಇರಬಹುದು. ಪಿವಿಸಿ ನೀರಿನ ಪೈಪುಗಳಲ್ಲಿ ಸೀಸದ ಬಳಕೆಯನ್ನು ಹತ್ತಿಕ್ಕಲು ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ನಿಯಮ ತಂದಿದೆ. ಗಿಡಕ್ಕೆ ನೀರು ಹಾಯಿಸುವ ಅಗ್ಗದ ಪೈಪನ್ನು ಯಾರೂ ಕುಡಿಯುವ ನೀರಿಗೆಂದು ತಯಾರಿಸಿರುವುದಿಲ್ಲ, ಮರುಬಳಕೆಯ ಪ್ಲಾಸ್ಟಿಕ್ಕಿನಿಂದ ಮಾಡಿದ್ದಾದರೆ ಅದರೊಳಗೆ ಏನೇನು ಸೇರಿದೆಯೆಂದು ಮಾರುವವರಿಗೂ ತಿಳಿದಿರುವುದಿಲ್ಲ. ಹತ್ತಿರ ಹಿಡಿದರೆ ಮೂಗಿಗೆ ರಾಚುವ ವಾಸನೆಯಿರುವ ಪೈಪನ್ನು ಅಲ್ಲಿಯೇ ಬಿಟ್ಟುಬನ್ನಿ.

ಮುಂದಿನದು ನೈಲಾನ್ ಬ್ರೇಡೆಡ್ ಪೈಪ್. ಎರಡು ಪದರಗಳ ನಡುವೆ ನೂಲಿನ ಜಾಲ ಕಾಣುತ್ತದೆ. ಒತ್ತಡ ತಡೆಯುತ್ತದೆ, ಮಡಿಚಿದಾಗ ಸುಲಭವಾಗಿ ಹಿಸುಕಿಕೊಳ್ಳುವುದಿಲ್ಲ. ಆದರೆ ಇದೂ ಮೆದು ಪಿವಿಸಿಯೇ. ಆಹಾರ ದರ್ಜೆಯದೆಂದು ಮೈಮೇಲೆ ಅಚ್ಚಾಗಿರುವುದನ್ನೇ ಕೇಳಿ. ಆಹಾರಕ್ಕೆ ತಗಲುವ ಪಿವಿಸಿಗೆ ಭಾರತೀಯ ಮಾನಕ ಐಎಸ್ 10151, ಪಾಲಿಎಥಿಲೀನ್‌ಗೆ ಐಎಸ್ 10146. "ಇದು ಫುಡ್ ಗ್ರೇಡೇ ಸಾರ್" ಎಂಬ ಮಾತು ಸಾಲದು, ಪೈಪಿನ ಮೇಲೋ ಸುರುಳಿಯ ಚೀಟಿಯ ಮೇಲೋ ತಯಾರಕರ ಹೆಸರಿನೊಂದಿಗೆ ಅದು ಬರೆದಿರಬೇಕು. ಮನೆಯ ನಲ್ಲಿಗೆ ಪ್ರೆಷರ್ ಪಂಪಿನ ಸಂಪರ್ಕವಿದ್ದರೆ ಬ್ರೇಡೆಡ್ ಬೇಕೇ ಬೇಕು, ಜಾಲವಿಲ್ಲದ ಮೆದು ಪೈಪು ಆ ಒತ್ತಡಕ್ಕೆ ಉಬ್ಬಿ ಕಳಚುತ್ತದೆ. ಬರೀ ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ನೀರಾದರೆ ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂ.ಮೀ.ಗೆ ಒಂದು ಕಿಲೋ ಒತ್ತಡವಷ್ಟೇ, ಅದಕ್ಕೆ ಜಾಲವಿಲ್ಲದ ಸಾಧಾರಣ ಪೈಪೂ ತಡೆಯುತ್ತದೆ.

ಇನ್ನೊಂದು ಪೈಪನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ: ಹನಿ ನೀರಾವರಿಯ ಕಪ್ಪು ಲ್ಯಾಟರಲ್ ಪೈಪ್. ಅಡಿಕೆ ತೋಟದಿಂದ ದಾಳಿಂಬೆ ತೋಟದವರೆಗೆ ರಾಜ್ಯದ ಎಲ್ಲೆಡೆ ನೆಲದ ಮೇಲೆ ಹಾಸಿರುವ 12 ಅಥವಾ 16 ಮಿ.ಮೀ. ಪೈಪು ಅದು. ಅದು ಪಾಲಿಎಥಿಲೀನ್. ಬಾಗಲು ಅದಕ್ಕೆ ಮೆದುಕಾರಕ ಬೇಕಿಲ್ಲ. ಬಿಸಿಲು ತಡೆಯಲು ಬೆರೆಸುವುದು ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಮಸಿಯನ್ನು. ಬೆಳಕು ಒಳಗೆ ಹೋಗದ ಕಾರಣ ಪಾಚಿ ಕಟ್ಟುವುದಿಲ್ಲ. ಐಎಸ್ 12786 ಗುರುತಿರುವ, ಹನಿ ರಂಧ್ರಗಳಿಲ್ಲದ ಹೊಸ ಪೈಪನ್ನೇ ಕೊಳ್ಳಿ. ಗುರುತಿಲ್ಲದ ಅಗ್ಗದ ಕಪ್ಪು ಪೈಪು ಮರುಬಳಕೆಯ ಪ್ಲಾಸ್ಟಿಕ್ ಆಗಿರಬಹುದು, ತೋಟದಿಂದ ಕಿತ್ತು ತಂದ ಹಳೆಯದರಲ್ಲಿ ಗೊಬ್ಬರ, ಔಷಧಿ ಹಾದುಹೋಗಿರುತ್ತದೆ. ಸೆಟೆದುಕೊಂಡಿರುವುದು ಇದರ ಒಂದೇ ಕಿರಿಕಿರಿ. ಬಳಸುವ ಮುನ್ನ ಬಿಸಿನೀರಿನಲ್ಲಿ ತುಸು ಹೊತ್ತು ಇಟ್ಟರೆ ಮಣಿಯುತ್ತದೆ.

ಮೃದುವಾಗಿಯೂ ನಿಶ್ಚಿಂತವಾಗಿಯೂ ಇರಬೇಕೆಂದರೆ ಆಹಾರ ದರ್ಜೆಯ ಸಿಲಿಕೋನ್ ಪೈಪಿದೆ. ಬೆಲೆ ಹೆಚ್ಚು, ಆದ್ದರಿಂದ ತೊಟ್ಟಿಯ ಬಾಯಿಗೆ ಬರುವ ಕೊನೆಯ ಒಂದೆರಡು ಅಡಿಗೆ ಮಾತ್ರ ಬಳಸಬಹುದು. ಆರ್‌ಒ ಯಂತ್ರಕ್ಕೆ ಬರುವ ಕಾಲು ಇಂಚಿನ ಬಿಳಿ ಪೈಪು ಕುಡಿಯುವ ನೀರಿಗೆಂದೇ ಮಾಡಿದ್ದು. 30 ಲೀಟರ್ ತುಂಬಿಸಲು ಅದು ತೀರಾ ನಿಧಾನ, ಆದರೆ ಆವಿಯಾದ ನೀರನ್ನು ಹನಿಹನಿಯಾಗಿ ಸೇರಿಸಲು, ಹೊಸ ಮೀನುಗಳನ್ನು ತೊಟ್ಟಿಯ ನೀರಿಗೆ ಹೊಂದಿಸಲು ಅದಕ್ಕಿಂತ ಅನುಕೂಲವಾದದ್ದಿಲ್ಲ. ಗ್ಯಾಸ್ ಪೈಪ್, ಪೆಟ್ರೋಲ್ ಪೈಪ್, ಕಪ್ಪು ರಬ್ಬರ್ ಪೈಪ್ ಯಾವುದೂ ಬೇಡ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಹುಡುಕಾಟ ಸುಲಭ. ಅಲ್ಲಿ ಕುಡಿಯುವ ನೀರಿಗೆಂದೇ ಮಾರುವ ಹೋಸುಗಳಿವೆ, ಎನ್‌ಎಸ್‌ಎಫ್ 61 ಎಂಬ ಗುರುತು ನೋಡಿ ಕೊಂಡರೆ ಆಯಿತು.

ಮನೆಯಲ್ಲೊಂದು ಪರೀಕ್ಷೆ

ತಂದ ಪೈಪನ್ನು ಮೊದಲು ಐದು ನಿಮಿಷ ನೀರು ಹರಿಸಿ ತೊಳೆಯಿರಿ. ಆಮೇಲೆ ಒಂದು ಮೀಟರಿನಷ್ಟು ಭಾಗಕ್ಕೆ ಉಗುರುಬೆಚ್ಚಗಿನ ನೀರು ತುಂಬಿ, ಎರಡೂ ತುದಿ ಮುಚ್ಚಿ ಒಂದು ದಿನ ಬಿಡಿ. ಅದೇ ನೀರನ್ನು ಗಾಜಿನ ಬಾಟಲಿಯಲ್ಲೂ ಜೊತೆಗಿಡಿ. ಮರುದಿನ ಎರಡನ್ನೂ ಶುಭ್ರವಾದ ಲೋಟಗಳಿಗೆ ಬಗ್ಗಿಸಿ ಮೂಸಿ ನೋಡಿ. ಪೈಪಿನ ನೀರಿಗೆ ಪ್ಲಾಸ್ಟಿಕ್ ವಾಸನೆಯಿದ್ದರೆ, ಮೇಲೆ ಎಣ್ಣೆಯ ಪೊರೆಯಂತೆ ಹೊಳಪಿದ್ದರೆ, ಕುಲುಕಿದಾಗ ನೊರೆ ನಿಂತರೆ ತೊಳೆದು ಮತ್ತೆ ಪರೀಕ್ಷಿಸಿ. ಮೂರು ದಿನವೂ ಹಾಗೆಯೇ ಆದರೆ ಆ ಪೈಪು ಗಿಡಗಳಿಗಿರಲಿ.

ಈ ಪರೀಕ್ಷೆಗೆ ಮಿತಿಯಿದೆ. ಸೀಸಕ್ಕಾಗಲಿ ತಾಮ್ರಕ್ಕಾಗಲಿ ವಾಸನೆಯಿಲ್ಲ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ಅಳೆಯುವ ಟಿಡಿಎಸ್ ಮೀಟರ್ ಕೂಡ ಇವುಗಳನ್ನು ತೋರಿಸದು, ಮೆದುಕಾರಕಗಳನ್ನಂತೂ ಅದು ಗುರುತಿಸುವುದೇ ಇಲ್ಲ. ಅದಕ್ಕೇ ಮೈಮೇಲಿನ ಗುರುತಿಗೆ ಅಷ್ಟು ಒತ್ತು ಕೊಟ್ಟೆ. ಒಂದು ಅಗ್ಗದ ಮೀನನ್ನು ಬಿಟ್ಟು ನೋಡೋಣ ಎಂಬ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ಯಾವ ಮೀನಿನ ಜೀವವೂ ಪರೀಕ್ಷೆಗೆ ಬಳಸುವಷ್ಟು ಅಗ್ಗವಲ್ಲ.

ಮೂರನೆಯ ಹೆಜ್ಜೆ: ನಲ್ಲಿ, ನಿಪ್ಪಲ್, ಗೀಸರ್

ಪೈಪಿಗೆ ಇಷ್ಟು ಯೋಚಿಸಿ, ನಲ್ಲಿಯನ್ನು ಮರೆತರೆ ಆಗದು. ನಮ್ಮ ನಲ್ಲಿಗಳು, ಪೈಪು ಸಿಕ್ಕಿಸುವ ನಿಪ್ಪಲ್‌ಗಳು, ವಾಲ್ವುಗಳು ಬಹುಪಾಲು ಹಿತ್ತಾಳೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಕುಡಿಯುವ ನೀರಿನ ಮಾನಕ ಐಎಸ್ 10500 ತಾಮ್ರಕ್ಕೆ ಲೀಟರಿಗೆ 0.05 ಮಿ.ಗ್ರಾಂ. ಮಿತಿ ಇಟ್ಟಿದೆ, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5 ಮಿ.ಗ್ರಾಂ.ವರೆಗೂ ಒಪ್ಪುತ್ತದೆ. ಆ ಮೇಲಿನ ಮಿತಿ ಮನುಷ್ಯರಿಗೆ ಸರಿ. ಚೆರ್ರಿ ಸಿಗಡಿ, ಬಸವನಹುಳುಗಳಿರುವ ತೊಟ್ಟಿಗೆ ಅದು ವಿಷ.

ಇಲ್ಲಿ ಊರಿನ ನೀರಿನ ಗುಣವೂ ಕೂಡಿಕೊಳ್ಳುತ್ತದೆ. ಕೋಲಾರ, ತುಮಕೂರು, ಬೆಂಗಳೂರಿನ ಕೊಳವೆಬಾವಿಯ ನೀರು ಗಡಸು. ಪೈಪಿನ ಒಳಗೆ ಅದು ಬಿಡುವ ಸುಣ್ಣದ ಪದರ ಲೋಹವನ್ನು ಮುಚ್ಚಿ ಒಂದು ಮಟ್ಟಿಗೆ ರಕ್ಷಣೆ ಕೊಡುತ್ತದೆ. ಕರಾವಳಿಯ ಕೆಂಪುಕಲ್ಲಿನ ನೆಲದ ಬಾವಿನೀರು ಇದಕ್ಕೆ ತದ್ವಿರುದ್ಧ, ಮೃದು ಮತ್ತು ಆಮ್ಲೀಯ. ಅಂತಹ ನೀರು ಲೋಹವನ್ನು ಬೇಗ ಕರಗಿಸುತ್ತದೆ. ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಹಿತ್ತಾಳೆ ನಲ್ಲಿಯ ಕೆಳಗೆ ಸಿಂಕಿನ ಮೇಲೆ ಹಸಿರು-ನೀಲಿ ಕಲೆ ಕಂಡರೆ ಅದು ತಾಮ್ರ. ಅಲ್ಲಿ ಸಿಗಡಿ ಸಾಕುವವರು ಅಕ್ವೇರಿಯಂ ನೀರಿಗೆ ಪ್ಲಾಸ್ಟಿಕ್ ನಲ್ಲಿಯನ್ನೇ ಬಳಸಲಿ. ಅಂಗಡಿಗಳಲ್ಲಿ ಪಿಟಿಎಂಟಿ ನಲ್ಲಿ ಎಂದು ಕೇಳಿದರೆ ಕೊಡುತ್ತಾರೆ, ಹಿತ್ತಾಳೆಯದಕ್ಕಿಂತ ಅಗ್ಗ.

ಹಳೆಯ ಮನೆಗಳ ಜಿಐ ಎಂಬ ಕಬ್ಬಿಣದ ಪೈಪಿನಲ್ಲಿ ಸತುವಿನ ಲೇಪ, ಅದು ಸವೆದ ಮೇಲೆ ತುಕ್ಕು. ಪೈಪು ಬದಲಿಸಲು ಆಗದಿದ್ದರೆ ಬೆಳಗ್ಗೆ ಎದ್ದ ಕೂಡಲೇ ನೀರು ಬದಲಿಸಬೇಡಿ. ಮನೆಯವರೆಲ್ಲ ಸ್ನಾನ ಮಾಡಿ, ರಾತ್ರಿ ನಿಂತ ನೀರು ಖಾಲಿಯಾದ ಮೇಲೆ ಹಿಡಿದುಕೊಳ್ಳಿ.

ಚಳಿಗಾಲದಲ್ಲಿ ಹೊಸ ನೀರು ತೀರಾ ತಣ್ಣಗಿದೆಯೆಂದು ಗೀಸರ್ ನೀರು ಬೆರೆಸುವುದು ಸಾಮಾನ್ಯ. ಅನೇಕ ಗೀಸರುಗಳಲ್ಲಿ ತಾಮ್ರದ ಹೀಟರ್ ಇರುತ್ತದೆ, ಹಳೆಯ ಕೆಲವದರ ಒಳತೊಟ್ಟಿಯೇ ತಾಮ್ರದ್ದು. ಬಿಸಿನೀರು ಅದರಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ಒಂದು ಪಾತ್ರೆ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಒಲೆಯ ಮೇಲೆ ಕಾಯಿಸಿ ಬೆರೆಸುವುದು ಎಷ್ಟೋ ಮೇಲು. ತೊಟ್ಟಿಗೂ ಹೊಸ ನೀರಿಗೂ ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿರಬಾರದು.

ನಾಲ್ಕನೆಯ ಹೆಜ್ಜೆ: ಅಡುಗೆಮನೆಗೆ ತೊಟ್ಟಿಯ ನೀರು ಹೋಗದಂತೆ ನೋಡಿಕೊಳ್ಳುವುದು

ಮೀನುಗಳಿಗಿಂತ ಮನೆಯವರಿಗೆ ಸಂಬಂಧಿಸಿದ ಅಪಾಯ ಇದು, ತುಂಬಾ ಜನ ಇದನ್ನು ಯೋಚಿಸಿಯೇ ಇರುವುದಿಲ್ಲ. ನಲ್ಲಿಗೆ ಸಿಕ್ಕಿಸಿದ ಪೈಪಿನ ಇನ್ನೊಂದು ತುದಿ ಅಕ್ವೇರಿಯಂ ನೀರಿನೊಳಗೆ ಮುಳುಗಿದೆ. ಮನೆಯ ಎಲ್ಲ ನಲ್ಲಿಗಳೂ ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಒಂದೇ ಕೊಳವೆಗೆ ಸೇರಿವೆ. ತೊಟ್ಟಿ ಮೊದಲ ಮಹಡಿಯಲ್ಲಿದೆ, ಟ್ಯಾಂಕು ಖಾಲಿಯಾಗುತ್ತಿದೆ. ಆಗ ಕೆಳಮಹಡಿಯಲ್ಲಿ ಯಾರೋ ಅಡುಗೆಮನೆಯ ನಲ್ಲಿ ತಿರುಗಿಸುತ್ತಾರೆ. ಮೇಲಿನಿಂದ ನೀರು ಬರದಿದ್ದಾಗ ಇಳಿಯುವ ನೀರು ಹಿಂದಿನಿಂದ ಎಳೆಯುತ್ತದೆ, ಪೈಪೇ ಸೈಫನ್ ಆಗಿ ತೊಟ್ಟಿಯ ನೀರು ಕುಡಿಯುವ ನೀರಿನ ಕೊಳವೆಗೆ ಸೇರಿಬಿಡುತ್ತದೆ. ಕಾವೇರಿ ನೀರಿನ ಸಂಪರ್ಕಕ್ಕೆ ನೇರವಾಗಿ ಪೈಪು ಹಾಕಿದಾಗ, ನೀರು ಬಿಡುವುದು ನಿಂತ ಕ್ಷಣದಲ್ಲಿ ಬೀದಿಯ ಕೊಳವೆಗೇ ಇದು ಸೇರಬಹುದು.

ಪರಿಹಾರಕ್ಕೆ ಕಾಸಿನ ಖರ್ಚಿಲ್ಲ. ಪೈಪಿನ ತುದಿ ಯಾವತ್ತೂ ನೀರಿನ ಮೇಲೆಯೇ ಇರಬೇಕು. ಅಂತರ ಪೈಪಿನ ವ್ಯಾಸದ ಎರಡರಷ್ಟು, ಕಡಿಮೆಯೆಂದರೆ 25 ಮಿ.ಮೀ. ಇರಲಿ. ಹಾಗೆ ಗಾಳಿಯ ಜಾಗ ಬಿಡಲು ತೊಟ್ಟಿಯ ಅಂಚಿಗೆ ಕಚ್ಚುವ ಒಂದು ಕೊಕ್ಕೆ ಸಾಕು. ರಭಸಕ್ಕೆ ಮರಳು ಕದಡದಂತೆ ಕೆಳಗೊಂದು ತಟ್ಟೆ ಇಡಿ. ಒಮ್ಮುಖ ವಾಲ್ವ್ ಇದೆಯಲ್ಲ ಎಂದು ನಿಶ್ಚಿಂತರಾಗುವುದು ಬೇಡ, ಒಂದು ಮರಳಿನ ಕಣ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ.

ಪೈಪಿನ ತುದಿಯಲ್ಲಿ ವಾಲ್ವ್ ಹಾಕಿಕೊಂಡವರು ನೀರು ನಿಲ್ಲಿಸಿ ಹೋಗುವಾಗ ನಲ್ಲಿಯನ್ನೇ ಮುಚ್ಚಬೇಕು. ಇಲ್ಲದಿದ್ದರೆ ಪೈಪು ದಿನವಿಡೀ ಒತ್ತಡದಲ್ಲಿ ನಿಂತು, ಕ್ಲಿಪ್ ಸಡಿಲವಿದ್ದ ಕಡೆ ಕಳಚುತ್ತದೆ.

ಐದನೆಯ ಹೆಜ್ಜೆ: ನೇರವಾಗಿ ತುಂಬಬೇಕೆ, ಡ್ರಮ್ಮಿನಿಂದ ಏರಿಸಬೇಕೆ?

ಡ್ರಮ್ಮಿನಿಂದ ಏರಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ಕ್ಲೋರಿನ್. ಐಎಸ್ 10500ರ ಪ್ರಕಾರ ಕ್ಲೋರಿನ್ ಬೆರೆಸಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಉಳಿದಿರಬೇಕು. ಜಲಚರಗಳಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವ ತಾತ್ಕಾಲಿಕ ಮಿತಿ ಲೀಟರಿಗೆ 0.019 ಮಿ.ಗ್ರಾಂ., ದೀರ್ಘಕಾಲದ್ದು 0.011. ನಲ್ಲಿ ನೀರಿನಲ್ಲಿ 0.5 ಇದ್ದರೆ, 30 ಲೀಟರ್ ಸೇರಿಸಿದ ಮೇಲೂ ನಮ್ಮ 108 ಲೀಟರ್ ತೊಟ್ಟಿಯಲ್ಲಿ ಸುಮಾರು 0.14 ಆಗುತ್ತದೆ, ತಾತ್ಕಾಲಿಕ ಮಿತಿಯ ಏಳರಷ್ಟು. ಮೀನಿನ ಕಿವಿರನ್ನೂ ಫಿಲ್ಟರಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಅದು ಸುಡುತ್ತದೆ.

ಹೊಸದಾಗಿ ಕೊಂಡ, ಕುಡಿಯುವ ನೀರಿಗೆಂದು ಮಾಡಿದ 50 ಲೀಟರ್ ಡ್ರಮ್ಮಿಗೆ ಬೇಕಾದ 30 ಲೀಟರ್ ನೀರು ತುಂಬಿ. ಗುಜರಿಯ ನೀಲಿ ಡ್ರಮ್ಮುಗಳಲ್ಲಿ ಮೊದಲು ಯಾವ ರಾಸಾಯನಿಕವಿತ್ತೆಂದು ತಿಳಿಯದು, ಬೇಡವೇ ಬೇಡ. ಹೈಪೋ ಎಂದು ಸಿಗುವ ಸೋಡಿಯಂ ಥಯೋಸಲ್ಫೇಟ್ ಹರಳು 10 ಗ್ರಾಂ ತೂಗಿ, ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿಟ್ಟುಕೊಳ್ಳಿ. ಒಂದು ಮಿ.ಗ್ರಾಂ. ಕ್ಲೋರಿನ್ನಿಗೆ ಸುಮಾರು ಏಳು ಮಿ.ಗ್ರಾಂ. ಹರಳು ಬೇಕು. ಲೀಟರಿಗೆ ಒಂದು ಮಿ.ಗ್ರಾಂ. ಕ್ಲೋರಿನ್ ಇದ್ದರೂ 30 ಲೀಟರಿಗೆ ಈ ದ್ರಾವಣ 3 ಮಿ.ಲೀ. ಸಾಕಾಗುತ್ತದೆ. ಟ್ಯಾಂಕರ್ ನೀರಿನಲ್ಲಿ ಕ್ಲೋರಿನ್ ಎಷ್ಟಿದೆಯೆಂದು ಪರೀಕ್ಷಾ ಕಿಟ್ಟಿನಿಂದ ನೋಡಿಯೇ ಹಾಕಿ. ಕೊಳವೆಬಾವಿಯ ನೀರಾದರೆ ಕ್ಲೋರಿನ್ ಇರದು, ಆದರೆ ಆಮ್ಲಜನಕ ಕಡಿಮೆಯಿದ್ದು ಇಂಗಾಲದ ಡೈಆಕ್ಸೈಡ್ ಹೆಚ್ಚಿರಬಹುದು. ಗಾಳಿಯ ಗುಳ್ಳೆ ಬಿಡುವ ಗಾಳಿಕಲ್ಲನ್ನು ರಾತ್ರಿಯಿಡೀ ಓಡಿಸಿ ಬಳಸಿ. ಸ್ಯಾನ್‌ಫ್ರಾನ್ಸಿಸ್ಕೋದಂತಹ ನಗರಗಳಲ್ಲಿ ನೀರಿಗೆ ಬೆರೆಸುವುದು ಕ್ಲೋರಿನ್ ಮತ್ತು ಅಮೋನಿಯ ಕೂಡಿದ ಕ್ಲೋರಮೈನ್. ಅದು ರಾತ್ರಿ ಬಿಟ್ಟರೂ ಹಾರಿಹೋಗದು, ಬರೀ ಹೈಪೋ ಹಾಕಿದರೆ ಅಮೋನಿಯ ಉಳಿಯುತ್ತದೆ. ಅಮೋನಿಯವನ್ನೂ ಹಿಡಿದಿಡುವ ಕಂಡಿಷನರ್ ಅಲ್ಲಿ ಬೇಕು.

ಡ್ರಮ್ಮಿನಿಂದ ಏರಿಸಲು ಸಣ್ಣ ಸಬ್‌ಮರ್ಸಿಬಲ್ ಪಂಪು ಸಾಕು. ಡಬ್ಬಿಯ ಮೇಲೆ ಬರೆದಿರುವ ಗರಿಷ್ಠ ಎತ್ತರದಲ್ಲಿ ಪಂಪು ಹರಿಸುವುದು ಸೊನ್ನೆ. ನಿಮಗೆ ಬೇಕಾದ ಎತ್ತರದ ಎರಡರಷ್ಟು ಬರೆದಿರುವುದನ್ನು ಕೊಳ್ಳಿ. ಪಂಪು ನಿಂತಾಗ ಪೈಪಿನ ತುದಿ ತೊಟ್ಟಿಯಲ್ಲಿ ಮುಳುಗಿದ್ದರೆ ನೀರು ಹಿಂದಕ್ಕೆ ಇಳಿದು ಡ್ರಮ್ಮು ಉಕ್ಕುತ್ತದೆ. ತುದಿ ಮೇಲಿರಲಿ ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ಗೋಡೆಗೆ ಪೈಪ್ ಕೂರಿಸುವವರಿಗೆ

ದೊಡ್ಡ ತೊಟ್ಟಿಗೆ ಪ್ರತ್ಯೇಕ ನಲ್ಲಿ ತರಿಸುವುದಾದರೆ ಕೆನೆಬಣ್ಣದ ಸಿಪಿವಿಸಿ ಪೈಪು, ಐಎಸ್ 15778 ಗುರುತಿನದು, ಒಳ್ಳೆಯ ಆಯ್ಕೆ. ತಣ್ಣೀರಿಗಷ್ಟೇ ಆದರೆ ಐಎಸ್ 4985ರ ಯುಪಿವಿಸಿ ಕೂಡ ಆಗುತ್ತದೆ. ಇವೆರಡೂ ಗಡುಸು ಪೈಪುಗಳು, ಮೆದುಕಾರಕವಿಲ್ಲ. ತೊಂದರೆ ಬರುವುದು ಜೋಡಣೆಯಲ್ಲಿ. ಅಂಟಿಸುವ ಸಾಲ್ವೆಂಟ್ ಸಿಮೆಂಟಿನಲ್ಲಿರುವ ದ್ರಾವಕಗಳು ಒಣಗಲು ಸಮಯ ಬೇಕು. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಕನಿಷ್ಠ ಒಂದು ದಿನ ಬಿಡಿ. ನಂತರ ನೀರು ತುಂಬಿ ರಾತ್ರಿ ಬಿಟ್ಟು ಬೆಳಗ್ಗೆ ಚೆಲ್ಲಿ. ವಾಸನೆ ಹೋಗುವವರೆಗೂ ಹೀಗೆಯೇ ಮಾಡಿ. ಅಂಟನ್ನು ಪೈಪಿನ ಹೊರಮೈಗೆ ತೆಳುವಾಗಿ ಬಳಿಯುವಂತೆ ಪ್ಲಂಬರಿಗೆ ಹೇಳಿ. ಒಳಗೆ ಸುರಿದ ಅಂಟಿನ ಗಡ್ಡೆ ತಿಂಗಳುಗಟ್ಟಲೆ ನೀರಿನಲ್ಲಿ ನೆನೆಯುತ್ತದೆ.

ತಿರುಪಿನ ಜೋಡಣೆಗಳಿಗೆ ನೂಲು ಸುತ್ತಿ ಬಿಳಿ ಪೇಸ್ಟು ಮೆತ್ತುವ ಹಳೆಯ ಪದ್ಧತಿ ಬೇಡ, ಟೆಫ್ಲಾನ್ ಟೇಪು ಸಾಕು. ಸಿಲಿಕೋನ್ ಸೀಲಂಟ್ ಬೇಕಾದರೆ ಅಕ್ವೇರಿಯಂಗೆಂದು ಬರೆದಿರುವುದನ್ನೇ ಕೊಳ್ಳಿ. ಬಚ್ಚಲುಮನೆಗೆಂದು ಮಾರುವ ಸೀಲಂಟಿನಲ್ಲಿ ಬೂಷ್ಟು ತಡೆಯುವ ವಿಷವಿರುತ್ತದೆ.

ನೀರು ಬದಲಿಸುವ ದಿನ

ಮೊದಲು ಹೀಟರಿನ ಪ್ಲಗ್ ತೆಗೆದು ಕಾಲು ಗಂಟೆ ಬಿಡಿ. ಬಿಸಿಯಾದ ಗಾಜು ನೀರಿನಿಂದ ಹೊರಗೆ ಬಂದರೆ ಒಡೆಯುತ್ತದೆ. ಫಿಲ್ಟರ್ ನಿಲ್ಲಿಸಿ. ತೊಟ್ಟಿಗೆ ಕೈಹಾಕುವ ಮುನ್ನ ಪಂಪಿನ ಪ್ಲಗ್ಗನ್ನೂ ಕಿತ್ತಿಡಿ. ವೈರು ಸಾಕೆಟ್ಟಿಗಿಂತ ಕೆಳಕ್ಕೆ ಇಳಿಬಿದ್ದು ಮತ್ತೆ ಮೇಲಕ್ಕೆ ಹೋಗುವಂತಿದ್ದರೆ ಅದರ ಮೇಲೆ ಹರಿದ ನೀರು ಸಾಕೆಟ್ಟಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಆ ಸಾಲಿನ ಮೇಲೆ ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ, ಈ ತಿಂಗಳೇ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ.

ಕೊಳೆ ನೀರು ಇಳಿಸಿ. ಹೊಸ ನೀರಿನ ಪೈಪಿನಲ್ಲಿ ನಿಂತಿರುವ ಮೊದಲ ಎರಡು ಲೀಟರನ್ನು ಕುಂಡಕ್ಕೆ ಸುರಿಯಿರಿ. ಉಷ್ಣತೆ ಕೈಯಿಂದಲ್ಲ, ಥರ್ಮಾಮೀಟರಿನಿಂದ ನೋಡಿ. ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ, ತುಂಬುವಷ್ಟು ಹೊತ್ತೂ ಅಲ್ಲೇ ನಿಲ್ಲಿ. ಫೋನ್ ಬಂದರೆ ಪಂಪನ್ನೋ ನಲ್ಲಿಯನ್ನೋ ನಿಲ್ಲಿಸಿಯೇ ಎತ್ತಿಕೊಳ್ಳಿ. ನಿಮಿಷಕ್ಕೆ ಹತ್ತು ಲೀಟರ್ ಬರುವ ನಲ್ಲಿಗೆ ಮನೆಯ ನೆಲ ಒದ್ದೆ ಮಾಡಲು ಒಂದು ಮಾತುಕತೆಯ ಹೊತ್ತು ಸಾಕು. ನೀರು ತುಂಬಿದ ಮೇಲೆ ಫಿಲ್ಟರ್, ಕೊನೆಗೆ ಹೀಟರ್.

ಕೆಲಸ ಮುಗಿದ ಕೂಡಲೇ ಪೈಪಿನ ಒಂದು ತುದಿಯನ್ನು ಎತ್ತರಕ್ಕೆ ಹಿಡಿದು ನೀರೆಲ್ಲ ಇಳಿಸಿ, ನೆರಳಿನಲ್ಲಿ ನೇತುಹಾಕಿ. ಒಣಗಿದ ಮೇಲೆ ತುದಿಗಳಿಗೆ ಬಟ್ಟೆ ಕಟ್ಟಿದರೆ ಜೇಡ, ಜಿರಲೆ ಒಳಗೆ ಸೇರುವುದಿಲ್ಲ. ಒಂದು ತೊಟ್ಟಿಯಲ್ಲಿ ರೋಗ ಕಂಡರೆ ಅದರ ಪೈಪು ಬೇರೆ ತೊಟ್ಟಿಗೆ ಹೋಗಬಾರದು. ಒಳಗೋಡೆ ಜಾರುತ್ತಿದೆಯೇ, ಹೊರಮೈ ಅಂಟುತ್ತಿದೆಯೇ, ಬಾಗಿಸಿದಾಗ ಬಿಳಿ ಗೆರೆ ಬೀಳುತ್ತಿದೆಯೇ ಎಂದು ಆಗಾಗ ನೋಡುತ್ತಿರಿ. ಜಾರುವ ಲೋಳೆಯನ್ನು ತೊಳೆಯಬಹುದು. ಅಂಟುವ, ಬಿರುಕು ಬಿಡುವ ಪೈಪಿನಿಂದ ಮೆದುಕಾರಕ ಹೊರಬರುತ್ತಿದೆಯೆಂದು ಅರ್ಥ, ಅಂದೇ ಅದನ್ನು ಗಿಡಗಳ ಪಾಲಿಗೆ ಬಿಟ್ಟು ಹೊಸದನ್ನು ತನ್ನಿ.